ಹೇಳದೆ ಬಿಟ್ಟ ಮಳೆಗಾಲದ ದಾರಿ

ಆ ದಿನ ನನಗೆ ಹೊಟ್ಟೆ ನೋವು ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುತ್ತ ಹೋದಂತೆ ನನ್ನ ಕೈ ನನ್ನನ್ನೇ ಉಳಿಸಿಕೊಳ್ಳಲು ನೋಡಬಹುದು. ಬಸವನ ಬಾಗೇವಾಡಿಯ ಒಂದು ಖಾನಾವಳಿಯ ಕಟ್ಟೆಯ ಮೇಲೆ ಮಗ್ಗುಲಾಗಿ ಮಲಗಿ, ಮೊಣಕಾಲು ಎದೆಗೆ ಹಚ್ಚಿಕೊಂಡು ನಾನು ನರಳಿದ್ದು ಪೂರಾ ನಾಟಕ. ಆ ನಾಟಕಕ್ಕೂ ಮೊದಲು ಹೇಳಿದ ಒಂದು ಸುಳ್ಳು ಬೇರೆ ಇತ್ತು. ಎರಡನ್ನೂ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಓದು ಬಿಟ್ಟು ಸ್ಟೇರಿಂಗ್ ಹಿಡಿದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕಿನ ಡಾಂಬರು ರಸ್ತೆ, ಕಚ್ಚಾ ರಸ್ತೆ, ಬಂಡಿದಾರಿ ಎಲ್ಲವೂ ನನ್ನ ಜೀಪಿನ ಗಾಲಿಗೆ ಗೊತ್ತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಮೊದಲು ಮಂದಿಯನ್ನು ಸಾಗಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಜೀಪು ದನದ ಡಾಕ್ಟರರ ಓಡಾಟಕ್ಕೆ ಬಾಡಿಗೆಗೆ ಹತ್ತಿತು. ಡಾಕ್ಟರರು ದಿನಕ್ಕೊಂದು ಊರಲ್ಲಿ ಕೂಡುವುದು, ಕರೆ ಬಂದರೆ ಅಲ್ಲಿಂದ ಹೊರಡುವುದು.

ಕರೆ ಬರುವುದು ಊರೊಳಗಿಂದಲ್ಲ, ವಸ್ತಿಗಳಿಂದ. ನಮ್ಮ ಕಡೆ ಹೊಲ ದೂರ ಇದ್ದವರು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುತ್ತಾರೆ, ಅದೇ ವಸ್ತಿ. ಅದಕ್ಕೆ ಬೋರ್ಡಿಲ್ಲ, ಬಸ್ಸಿಲ್ಲ. ಫೋನಿನಲ್ಲಿ ದಾರಿ ಕೇಳಿದರೆ, "ಹೊರ್ತಿ ದಾಟಿ ಬರ್ರಿ, ಬೇವಿನ ಗಿಡ ಬರ್ತೈತಿ, ಅಲ್ಲಿ ಯಾರನ್ನರ ಕೇಳ್ರಿ" ಎನ್ನುತ್ತಿದ್ದರು. ಬೇವಿನ ಗಿಡ ಎಲ್ಲಿ ಇಲ್ಲ? ಕೇಳಲು ಅಲ್ಲಿ ಯಾರಿರುತ್ತಾರೆ? ಹಾಗಾಗಿ ನನ್ನನ್ನೇ ಕೇಳಬೇಕು. ಹಾಗೆ ಮಂದಿ ನನ್ನನ್ನು ಕೇಳುವುದೇ ನನಗೆ ಬೆಲ್ಲದಂಥ ಮಾತಾಗಿತ್ತು.

ಆಗ ಬಂದರು ಹೊಸ ಡಾಕ್ಟರಬಾಯಿ, ಮೈಸೂರು ಸೀಮೆಯವರು. ಗಿಡ್ಡ ಆಳು, ಗಟ್ಟಿ ದನಿ. ಮೊದಲನೆಯ ದಿನವೇ ಒಂದು ದಪ್ಪ ಲ್ಯಾಪ್‌ಟಾಪನ್ನು ಜೀಪಿನ ಮುಂದಿನ ಸೀಟಿನಲ್ಲಿ ಇಟ್ಟರು. ಅವರ ಅಣ್ಣ ಬಳಸಿ ಬಿಟ್ಟದ್ದಂತೆ. ಅದರ ಬ್ಯಾಟರಿ ಸತ್ತಿತ್ತು. ಜೀಪಿನ ಬ್ಯಾಟರಿಗೆ ಒಂದು ಪೆಟ್ಟಿಗೆ ಜೋಡಿಸಿ ಅದರಿಂದ ಕರೆಂಟು ಕೊಟ್ಟರು. ನನ್ನ ಬ್ಯಾಟರಿಯೂ ಮುದುಕ. ಎಂಜಿನ್ ನಿಂತರೆ ಪೆಟ್ಟಿಗೆ ಕೀಂ ಎಂದು ಅಳುತ್ತಿತ್ತು, ಲ್ಯಾಪ್‌ಟಾಪ್ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಒಂದು ಕರೀ ಗುಂಡನ್ನು ಜೀಪಿನ ನೆತ್ತಿಗೆ ಅಂಟಿಸಿ ಅದರ ಬಾಲವನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡರು. ಜಿಪಿಎಸ್ ಅಂದರೆ ಅದೇ.

ಪರದೆ ಮೇಲೆ ಮೊದಲು ಒಂದು ದಪ್ಪ ಹೊಟ್ಟೆಯ ಹಕ್ಕಿ ಬಂತು.

"ಇದ್ಯಾವ ಹಕ್ಕಿರಿ ಬಾಯಾರ? ಬಾತುಕೋಳಿ ಏನ್ರಿ?"

"ಪೆಂಗ್ವಿನ್ ಯಜಮಾನ್ರೇ. ಲಿನಕ್ಸ್ ಅನ್ನೋದರ ಗುರುತು. ಬೇರೆ ಕಂಪ್ಯೂಟರಿನ ಹಾಗಲ್ಲ ಇದು. ಯಾರು ಬೇಕಾದ್ರೂ ಪುಕ್ಕಟೆ ತಗೋಬಹುದು, ಒಳಗೆ ಬಿಚ್ಚಿ ನೋಡಬಹುದು, ತಪ್ಪಿದ್ರೆ ತಿದ್ದಬಹುದು."

"ಮತ್ತ ಈ ಡಬ್ಬಿ ನಮಗ ದಾರಿ ತೋರಸ್ತೈತೇನು?"

"ಈ ಕಡೆ ಹಳ್ಳಿಗಳ ನಕ್ಷೆ ಇದರಲ್ಲಿ ಇಲ್ಲ. ದಾರಿ ನೀವು ತೋರಿಸಬೇಕು. ಅದು ನೆನಪಿಟ್ಟುಕೊಳ್ಳುತ್ತೆ."

"ನಾ ಸತ್ತಮ್ಯಾಲೂ?"

"ಆಮೇಲೂ."

ಅವರು ನಕ್ಕು ಹೇಳಿದರು, ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಒಂದು ಮುಳ್ಳು ಮುರಿಯಿತು.

ಮೊದಮೊದಲು ಮಜವೇ ಇತ್ತು. ಖಾಲಿ ಪರದೆಯ ಮೇಲೆ ನಾವು ಹೋದಂತೆಲ್ಲ ಒಂದು ಗೆರೆ ಬೀಳುತ್ತಿತ್ತು. ವಸ್ತಿ ಮುಟ್ಟಿದ ಕೂಡಲೇ ಅವರು ಒಂದು ಚುಕ್ಕೆ ಇಟ್ಟು ಹೆಸರು ಬರೆಯುತ್ತಿದ್ದರು. ಕನ್ನಡ ಅಕ್ಷರ ಅದರಲ್ಲಿ ಚೂರುಚೂರಾಗಿ ಬರುತ್ತಿದ್ದುದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಒಮ್ಮೆ ದನದ ದವಾಖಾನೆಯ ಗೋಡೆಯ ಮೇಲಿನ ತಾಲೂಕಿನ ನಕ್ಷೆಯ ಫೋಟೋ ಹಿಡಿದು ಅದರೊಳಗೆ ಕೂಡಿಸಿದರು. ಎಲ್ಲೋ ಅಳತೆ ತಪ್ಪಿತ್ತು. ಆಲಮೇಲದ ಹೊರಗೆ ಕಬ್ಬಿನ ಹೊಲದ ನಡುವೆ ಧೂಳೆಬ್ಬಿಸಿ ಹೊರಟಿದ್ದೆವು. ಪರದೆಯಲ್ಲಿ ನೋಡಿದರೆ ನಮ್ಮ ಜೀಪು ಭೀಮಾ ಹೊಳೆಯ ನಟ್ಟನಡುವೆ ತೇಲುತ್ತಿತ್ತು.

"ಬಾಯಾರ, ಈಜಾಕ ಬರ್ತೈತೇನ್ರಿ?" ಎಂದೆ.

"ನನಗೆ ಬರುತ್ತೆ. ಜೀಪಿಗೆ ಬರುತ್ತಾ ಕೇಳಿ," ಎಂದರು.

ಜಗಳವೂ ಇತ್ತು. ಸಿಂದಗಿಯ ಬಿಸಿಲಿನಲ್ಲಿ ನಾನು ಜೀಪನ್ನು ಹುಣಸೆ ಗಿಡದ ನೆರಳಿಗೆ ಒಯ್ಯುತ್ತಿದ್ದೆ. ಅವರು, "ಹೊರಗೆ ತನ್ನಿ, ಅದಕ್ಕೆ ಆಕಾಶ ಕಾಣಬೇಕು," ಎನ್ನುತ್ತಿದ್ದರು. ನೆತ್ತಿಯ ಗುಂಡಿಗೆ ಆಕಾಶ ಕಾಣಿಸಲು ನಾನು ಬೆಂದು ಬದನೆಕಾಯಿ ಆಗುತ್ತಿದ್ದೆ. ಅದರ ಮೇಲೆ, ದಾರಿಯ ಲೆಕ್ಕ ಇಡುವ ಆ ಸಾಫ್ಟ್‌ವೇರಿಗೆ ಬಾಯಿ ಬೇರೆ ಇತ್ತು. ಮೂಗು ಕಟ್ಟಿದ ಗಂಡಸೊಬ್ಬ ಒಳಗೆ ಕೂತು, ಗುರಿ ಇನ್ನೆಷ್ಟು ದೂರ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಾನು ದಾರಿ ಹೇಳಲು ಬಾಯಿ ತೆರೆದಾಗಲೇ ಅವನೂ ತೆರೆಯುತ್ತಿದ್ದ. "ಸುಮ್ಕಿರಪಾ ಸಾಹೇಬ, ನಾ ಹೇಳಾಕತ್ತೇನಿ," ಎಂದು ಅವನಿಗೆ ಬೈಯುತ್ತಿದ್ದೆ.

ಬಾಯಿಯವರು ಜೀಪು ಹೊಡೆಯುವುದನ್ನೂ ಕಲಿತರು. ಕಲಿಸಿದವನು ನಾನೇ. ಒಂದು ಸಲ ನಾನು ಊಟಕ್ಕೆ ಕೂತಿದ್ದಾಗ ಅವರೊಬ್ಬರೇ ಸಿಂದಗಿಯಿಂದ ಒಂದು ವಸ್ತಿಗೆ ಹೋಗಿ, ಆಡಿನ ಕಾಲಿಗೆ ಪಟ್ಟಿ ಕಟ್ಟಿ, ಯಾರನ್ನೂ ದಾರಿ ಕೇಳದೆ ವಾಪಸ್ಸು ಬಂದರು. ಇಂಡಿಯ ಜೀಪ್ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತು. "ಏನಪಾ, ನಿನ್ನ ಜಾಗಾಕ್ಕ ಡಬ್ಬಿ ಬಂತಂತ? ಇನ್ನ ನೀ ಹಿಂದಿನ ಸೀಟಿನ್ಯಾಗ ಕುಂದ್ರು, ಆಡಿನ ಬಾಜೂಕ!" ಎಂದು ನಕ್ಕರು. ನಾನು ನಗಲಿಲ್ಲ.

ಆ ಬೇಸಿಗೆಯಲ್ಲೇ ಒಂದು ದಿನ ನನ್ನ ಅಕ್ಕನ ವಸ್ತಿಗೆ ಹೋದೆವು. ಮನಗೂಳಿಯಿಂದ ಆಚೆ, ಕರೀ ಎರೆ ಭೂಮಿಯಲ್ಲಿ ಅವಳ ಮನೆ. ಅವಳ ಬಳಿ ಇದ್ದ ಎಮ್ಮೆ ಬರೀ ಎಮ್ಮೆಯಲ್ಲ. ಅಕ್ಕನ ಮದುವೆಯಲ್ಲಿ ನಮ್ಮ ಅವ್ವ ತವರಿನಿಂದ ಬಳುವಳಿಯಾಗಿ ಕೊಟ್ಟ ಎಮ್ಮೆಯ ಮೊಮ್ಮಗಳು. ಅವ್ವ ಹೋದ ಮೇಲೆ ಆ ಎಮ್ಮೆಯ ಕೊರಳು ಕೆರೆಯುತ್ತ ಅಕ್ಕ ಅವ್ವನ ಜೊತೆ ಆಡುವ ಮಾತನ್ನೆಲ್ಲ ಅದರ ಜೊತೆ ಆಡುತ್ತಿದ್ದಳು. ಈಗ ಅದು ಗಬ್ಬವಾಗಿತ್ತು. ಬಾಯಿಯವರು ಪರೀಕ್ಷೆ ಮಾಡಿ, "ಮಳೆ ಶುರುವಾದ ಮೇಲೆ ಈಯುತ್ತೆ," ಎಂದರು. ಮಜ್ಜಿಗೆ ಕುಡಿಯುತ್ತ ಅಕ್ಕನಿಗೂ ಲ್ಯಾಪ್‌ಟಾಪ್ ತೋರಿಸಿ, ಪುಕ್ಕಟೆ ಸಿಗುವ, ತಿದ್ದಬಹುದಾದ ಆ ಸಾಫ್ಟ್‌ವೇರಿನ ಕಥೆ ಹೇಳಿದರು. "ತಿದ್ದಿದ್ದನ್ನ ಮಾತ್ರ ಮುಚ್ಚಿಡಬಾರದು ಅಕ್ಕ, ಇನ್ನೊಬ್ಬರಿಗೂ ಕೊಡಬೇಕು."

ಅಕ್ಕನಿಗೆ ನನಗಿಂತ ಬೇಗ ತಿಳಿಯಿತು. "ಹೆಪ್ಪು ಇದ್ದಂಗ ಅನ್ರಿ. ನನ್ನ ಮನ್ಯಾಗ ಇಲ್ಲಂದ್ರ ನೆರಮನಿಂದ ತರ್ತೇನಿ, ನಾಳೆ ಅವರು ನನ್ನ ಕಡಿಂದ ಒಯ್ತಾರ. ಹೆಪ್ಪು ಮುಚ್ಚಿಟ್ರ ಹುಳಿ ಆಗ್ತೈತಿ."

ಹಿಂತಿರುಗುವಾಗ ಬನ್ನಿ ಗಿಡದ ಹತ್ತಿರ ಬಾಯಿಯವರು ಜೀಪು ನಿಲ್ಲಿಸಲು ಹೇಳಿದರು. ಅಲ್ಲಿ ದಾರಿ ಎರಡಾಗುತ್ತದೆ. ಒಂದು, ನಾವು ಹೋಗಿ ಬಂದದ್ದು, ಎರೆ ಹೊಲದ ನಡುವೆ ನೆಟ್ಟಗೆ ವಸ್ತಿಗೆ ಹೋಗುವುದು. ಇನ್ನೊಂದು, ಮನಗೂಳಿ ಕಡೆಯಿಂದ ಬರುವಾಗ ಬಲಕ್ಕೆ ತಿರುಗಿ, ಮರಡಿಯ ಮೇಲೆ, ಅಂದರೆ ಕಲ್ಲುಗರಸಿನ ದಿಬ್ಬದ ಮೇಲೆ ಸುತ್ತು ಹಾಕಿ ಹೋಗುವುದು. ಬೇಸಿಗೆಯಲ್ಲಿ ಎರೆ ಭೂಮಿ ಕಲ್ಲಿನಂತಿರುತ್ತದೆ. ಒಂದು ದೊಡ್ಡ ಮಳೆ ಬಿತ್ತೆಂದರೆ ಅದೇ ಭೂಮಿ ಬೆಣ್ಣೆ. ಆಗ ನಮ್ಮ ಕಡೆಯ ಯಾವ ಮನುಷ್ಯನೂ ಅದರೊಳಗೆ ಗಾಲಿ ಇಳಿಸುವುದಿಲ್ಲ. ಮಳೆಗಾಲದಲ್ಲಿ ಪ್ರತಿ ವಸ್ತಿಗೂ ಬೇರೆ ದಾರಿ. ಹುಟ್ಟಿದಂದಿನಿಂದ ಗೊತ್ತಿರುವುದರಿಂದ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ.

ಮೈಸೂರು ಸೀಮೆಯ ಬಾಯಿಯವರಿಗೆ ಅದು ಗೊತ್ತಿರಲಿಲ್ಲ. ಆದರೂ ಅವರು ಕೇಳಿದರು: "ಮಳೆ ಬಂದ್ರೂ ಇದೇ ದಾರಿನಾ ಯಜಮಾನ್ರೇ?"

ನಾನು ಮರಡಿಯ ದಾರಿಯನ್ನು ಕಣ್ಣಿನಿಂದ ಕೂಡ ನೋಡಲಿಲ್ಲ. "ಇದ ರಿ. ಮತ್ಯಾವ್ದೈತಿ," ಎಂದೆ.

ಅವರು ಚುಕ್ಕೆ ಇಟ್ಟರು. ಮೊದಲ ಸುಳ್ಳು ಅದು. ಅದರಿಂದ ಏನಾಗಬಹುದು ಎಂದು ಯೋಚಿಸಿರಲಿಲ್ಲ ಎನ್ನಲಾರೆ. ಯೋಚಿಸಿದ್ದೆ. ಮಳೆಗಾಲ ಬರಲಿ, ಆ ಮೂಗುಕಟ್ಟಿನ ಸಾಹೇಬ ಒಂದು ಸಲ ಕೆಸರಿನಲ್ಲಿ ಕೂಡಲಿ, ಆಮೇಲೆ ಎಲ್ಲರೂ ಮತ್ತೆ ನನ್ನ ಹತ್ತಿರವೇ ಬರುತ್ತಾರೆ ಎಂದುಕೊಂಡಿದ್ದೆ. ಎಮ್ಮೆಯನ್ನು ಮಾತ್ರ ಆ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ಮಳೆ ಬಂತು. ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಜಿಟಿಜಿಟಿಗೆ ಇಳಿಯಿತು. ಅಂದು ನಾವು ಬಾಗೇವಾಡಿಯಲ್ಲಿದ್ದೆವು. ಖಾನಾವಳಿಗೆ ಒಂದು ಫೋನ್ ಬಂತು, ಬಾಯಿಯವರು ಓಡಿಹೋಗಿ ಮಾತಾಡಿ ಬಂದು, "ಅರ್ಜೆಂಟ್ ಕೇಸು, ಹೊರಡಿ," ಎಂದರು. ಎಲ್ಲಿಗೆ ಎಂದು ಅವರು ಹೇಳುವುದರೊಳಗೆ ನಾನು ಕಟ್ಟೆಯ ಮೇಲೆ ಬಿದ್ದಾಗಿತ್ತು. "ಹೊಟ್ಟಿ ಮುರದಂಗ ಆಗಾಕತ್ತೈತ್ರಿ ಬಾಯಾರ. ಏಳಾಕ ಆಗವಲ್ದು." ಇದೇ ಸರಿಯಾದ ದಿನ ಎಂದು ನನಗನಿಸಿತ್ತು.

ಅವರು ಹಣೆ ಮುಟ್ಟಿ ನೋಡಿದರು. "ನನ್ನ ಹತ್ರ ಇರೋದು ಎಮ್ಮೆ ಔಷಧಿ. ಕೊಟ್ರೆ ಎದ್ದು ಓಡ್ತೀರಿ. ಬೇಡ, ಮಲಗಿ." ಕೀಲಿ ತೆಗೆದುಕೊಂಡರು. "ದಾರಿ ಇದರಲ್ಲಿದೆ," ಎಂದು ಲ್ಯಾಪ್‌ಟಾಪ್ ತಟ್ಟಿ ಹೊರಟೇಬಿಟ್ಟರು.

ನಾನು ಕಣ್ಣು ಮುಚ್ಚಿ ಒಳಗೊಳಗೇ ನಗುತ್ತಿದ್ದೆ. ಖಾನಾವಳಿ ನಡೆಸುವ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಂಥಾ ತಮ್ಮ ಇದ್ದೀಯೋ ನೀ. ಅಕ್ಕನ ಎಮ್ಮಿ ಈಯಾಕ ಆಗಲಾರದ ಒದ್ದಾಡಾಕತ್ತೈತಿ ಅಂತ ಫೋನ್ ಬಂದ್ರ, ಇಲ್ಲಿ ಬಿದ್ದು ಹೊಳ್ಳಾಡ್ತಿ."

ನಾನು ಸ್ಪ್ರಿಂಗಿನಂತೆ ಎದ್ದು ಕೂತೆ. "ಯಾರ ಎಮ್ಮಿ?"

"ನಿಮ್ಮ ಅಕ್ಕಂದು. ಮನಗೂಳಿ ಅಂಗಡ್ಯಾಂವ ಫೋನ್ ಮಾಡಿದ್ದ. ಯಾಕೋ, ಹೊಟ್ಟಿ?"

"ಹೋತು."

"ಭಾಳ ಚಲೋ ಹೊಟ್ಟಿ ಐತಿ ಬಿಡು," ಎಂದಳು ಅಜ್ಜಿ.

ಹೊರಗೆ ಮನಗೂಳಿಯ ಹಾಲಿನ ವ್ಯಾಪಾರಿ ಖಾಲಿ ಕ್ಯಾನುಗಳನ್ನು ಮೋಟರ್‌ಸೈಕಲ್ಲಿಗೆ ಕಟ್ಟುತ್ತಿದ್ದ. ನನಗಿಂತ ಸಣ್ಣವ, ನನ್ನನ್ನು ಚಾಚಾ ಎನ್ನುತ್ತಿದ್ದ. ನಾನು ಕೇಳದೆಯೇ ಹಿಂದೆ ಹತ್ತಿದೆ. "ಚಾಚಾ, ಕ್ಯಾನು ಚಪ್ಪಟ ಆಗ್ತಾವು! ಎಲ್ಲಿಗಿ?" ಎಂದ. "ಹೊಡಿಯಪಾ, ದಾರ್ಯಾಗ ಹೇಳ್ತೇನಿ." ದಾರಿಯುದ್ದಕ್ಕೂ, "ಮನಗೂಳಿ ದಾಟಿಸು, ಜೋರ ಹೊಡಿ," ಎನ್ನುತ್ತಿದ್ದೆ. 

ಬನ್ನಿ ಗಿಡದ ಹತ್ತಿರ ಇಳಿದು ನೋಡಿದೆ. ನನ್ನ ಜೀಪಿನ ಗಾಲಿಯ ಗುರುತು ನೆಟ್ಟಗೆ ಎರೆ ಹೊಲದೊಳಗೆ ಹೋಗಿತ್ತು. ಚುಕ್ಕೆ ಹೇಳಿದಂತೆಯೇ ಹೋಗಿದ್ದರು. ನಾವು ಬಲಕ್ಕೆ ತಿರುಗಿ ಮರಡಿ ಹತ್ತಿದೆವು. ಮೇಲಿನಿಂದ ಕಂಡಿತು: ಹೊಲದ ನಡುವೆ ನನ್ನ ಜೀಪು ನೀರಿಗಿಳಿದ ಕೋಣದಂತೆ ಹೊಟ್ಟೆಯವರೆಗೆ ಹುಗಿದು ಕೂತಿತ್ತು. ಒಳಗೆ ಯಾರೂ ಇರಲಿಲ್ಲ. ಮುಂದಿನ ಸೀಟಿನಲ್ಲಿ ನೀಲಿ ರೇನ್‌ಕೋಟು ಹೊದ್ದು ಏನೋ ಮಲಗಿತ್ತು. ಬಾಯಿಯವರು ತಾವು ತೊಯ್ದುಕೊಂಡು ಲ್ಯಾಪ್‌ಟಾಪಿಗೆ ಹೊದಿಸಿದ್ದರು. ಜೀಪಿನಿಂದ ವಸ್ತಿಯ ಕಡೆಗೆ ಹೆಜ್ಜೆಗಳು. ಒಂದು ಕಡೆ ಒಂದು ಚಪ್ಪಲಿ, ಇನ್ನಷ್ಟು ದೂರದಲ್ಲಿ ಅದರ ಜೋಡಿ, ಮಣ್ಣಿನಲ್ಲಿ ನಾಟಿ ನಿಂತಿದ್ದವು.

ವಸ್ತಿ ಮುಟ್ಟಿದಾಗ ಎಮ್ಮೆ ನೆಲಕ್ಕೆ ಬಿದ್ದಿತ್ತು. ಬಾಯಿಯವರ ಕಾಲುಗಳು ಎರೆ ಮಣ್ಣು ಮೆತ್ತಿ ಆನೆಯ ಕಾಲಾಗಿದ್ದವು. ಭುಜದವರೆಗೆ ಕೈ ಒಳಗೆ ಹಾಕಿ ಮಗ್ಗುಲಾಗಿ ಮಲಗಿದ್ದರು. ಕರುವಿನ ಮುಂಗಾಲು ಒಳಗೆ ಮಡಚಿಕೊಂಡಿತ್ತಂತೆ. ಅಕ್ಕ ಎಮ್ಮೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅವ್ವಾ, ಇನ್ನೊಂದೀಟು ತಡಿಯ ಅವ್ವಾ," ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ದನಿ ಬದಲಾಯಿತು.

"ಬಂದ್ಯಾ ದೊರಿ! ಈಗ ಬಂದ್ಯಾ! ಆ ಹೆಣ್ಮಗಳು ಕೆಸರಾಗ ಈಜಿಕೊಂಡು ಬಂದಾಳ, ನೀ ಮೋಟರ್ ಮ್ಯಾಲ ಮೆರವಣಿಗಿ ಬಂದೀಯೇನು?"

ಬಾಯಿಯವರು ತಲೆ ಎತ್ತದೆಯೇ, "ಹೊಟ್ಟೆ ನೋವು ಹೋಯ್ತಾ? ಒಳ್ಳೇದು. ಹಗ್ಗ ಹಿಡೀರಿ. ನಾನು ಹೇಳಿದಾಗ ಎಳೀರಿ, ಅದಕ್ಕೂ ಮೊದಲು ಬೇಡ," ಎಂದರು.

ಅವರು ಹೇಳಿದಾಗ ಎಳೆದೆ, ಬಿಡಿ ಎಂದಾಗ ಬಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರು ಹೇಳಿದ ದಾರಿಯಲ್ಲಿ ಮರುಮಾತಾಡದೆ ನಡೆದೆ. ಕೊನೆಗೆ ಕರು ಜಾರಿ ನನ್ನ ಮಡಿಲಿಗೇ ಬಂತು. ಉಸಿರಾಡಲಿಲ್ಲ. ಬಾಯಿಯವರು ಅದರ ಹಿಂಗಾಲು ಹಿಡಿದೆತ್ತಿ ಅಲುಗಿಸಿದರು, ಎದೆ ತಿಕ್ಕಿದರು, ಹುಲ್ಲಿನ ಕಡ್ಡಿಯನ್ನು ಮೂಗಿನೊಳಗೆ ಆಡಿಸಿದರು. ಕರು ಸೀನಿತು. ಆ ಸೀನು ನನ್ನ ಮುಖಕ್ಕೇ ಬಡಿಯಿತು. ಅಕ್ಕ ಅಳುತ್ತ ನಗುತ್ತ, "ಅವ್ವನ ಎಮ್ಮಿ ಮೊಮ್ಮಗಳ ಮಗಳು ಮಾವನ್ನ ಗುರ್ತ ಹಿಡದ್ಲು ನೋಡ್ರಿ," ಎಂದಳು. ಹೆಣ್ಣು ಕರು. ತಾಯಿಯೂ ಎದ್ದು ನಿಂತು ಅದನ್ನು ನೆಕ್ಕತೊಡಗಿತು.

ನೆರೆಹೊಲದವರ ಎತ್ತು ಕಟ್ಟಿ ಜೀಪು ಎಳೆದು ತಂದದ್ದಾಯಿತು. ಅಕ್ಕ ಬಿಸಿ ರೊಟ್ಟಿ, ಝುಣಕ, ಕೆಂಪು ಚಟ್ನಿ ಬಡಿಸಿದಳು. ಹೆದರಿಕೆ ಇಳಿದ ಮೇಲೆ ನನಗೆ ಬಂದ ಹಸಿವೆ ಹೇಳತೀರದು. ಬುಟ್ಟಿ ಬರಿದಾಗುವವರೆಗೆ ತಿಂದೆ. ಬಾಯಿಯವರು ನನ್ನ ತಾಟನ್ನು ನೋಡುತ್ತಿದ್ದರು. ನಾನು ಲಕ್ಷ್ಯ ಕೊಡಲಿಲ್ಲ.

ಎಂಜಿನ್ ಚಾಲೂ ಮಾಡಿದೆ. ಪೆಟ್ಟಿಗೆ ಕೀಂ ಎಂದಿತು, ಪರದೆಯಲ್ಲಿ ದಪ್ಪ ಹೊಟ್ಟೆಯ ಹಕ್ಕಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಿಯವರು ಮಾತ್ರ ಹುಬ್ಬು ಗಂಟಿಕ್ಕಿ, "ಈ ಸಾಫ್ಟ್‌ವೇರಿಗೆ ಮಳೆ ಅಂದ್ರೆ ಗೊತ್ತಿಲ್ಲ. ಇವತ್ತೇ ಬರೆದು ಕಳಿಸ್ತೀನಿ, ನಿಮ್ಮದು ಇಂಥಾ ತಪ್ಪು ಅಂತ," ಎಂದರು.

"ಯಾರಿಗ್ರಿ?"

"ಇದನ್ನ ಮಾಡಿದವರಿಗೆ. ಎಲ್ಲೋ ದೂರದ ದೇಶದಲ್ಲಿದ್ದಾರೆ. ಕೆಲಸ ಮುಗಿಸಿ ಮನೆಗೆ ಬಂದು, ಪುಕ್ಕಟೆ ಇದನ್ನ ಬರೀತಾರೆ. ತಪ್ಪು ತೋರಿಸಿದ್ರೆ ಸಿಟ್ಟಾಗಲ್ಲ, ಉಪಕಾರ ಆಯ್ತು ಅಂತ ತಿದ್ದುತ್ತಾರೆ."

ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಕಾಣದ ಊರಿನ ಯಾವನೋ ಪುಣ್ಯಾತ್ಮ, ಮನಗೂಳಿಯ ಹೆಸರೂ ಕೇಳದವನು, ಊಟ ಬಿಟ್ಟು ಕೂತು ತನ್ನ ತಪ್ಪು ಎಲ್ಲಿದೆ ಎಂದು ಹುಡುಕುವುದು ಕಣ್ಣ ಮುಂದೆ ಬಂತು. ತಪ್ಪು ನನ್ನ ಬಾಯೊಳಗಿತ್ತು, ಇನ್ನೂ ಝುಣಕದ ರುಚಿಯ ಜೊತೆ.

"ಅವರದ ತಪ್ಪಲ್ರಿ ಬಾಯಾರ," ಎಂದೆ. "ಮಳಿಗಾಲಕ್ಕ ಬ್ಯಾರೆ ದಾರಿ ಐತ್ರಿ. ಬನ್ನಿ ಗಿಡದ ಹತ್ರ ಬಲಕ್ಕ. ನಾನ ಹೇಳಾಕ ಮರ್ತಿದ್ದೆ."

ಮರೆತಿದ್ದೆ ಎಂದೆ. ನಿಜದ ಬಾಗಿಲವರೆಗೆ ಹೋಗಿ ಹೊಸ್ತಿಲಲ್ಲಿ ನಿಂತುಬಿಟ್ಟೆ. ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಸರಿ. ಹಾಗಾದ್ರೆ ಮರೆತದ್ದನ್ನೆಲ್ಲ ಈಗ ಒಂದೊಂದಾಗಿ ಹೇಳಿ," ಎಂದರು.

ಹೇಳಿದೆ. ಆ ಮಳೆಗಾಲ ಪೂರಾ ಅದೇ ಕೆಲಸ. ಹೊರ್ತಿಯ ನಿಂಬೆ ತೋಟಗಳಿಂದ ಹಿಡಿದು ಮುದ್ದೇಬಿಹಾಳದ ಎರೆಯವರೆಗೆ, ಯಾವ ವಸ್ತಿಗೆ ಮಳೆಯಲ್ಲಿ ಹೇಗೆ ಹೋಗಬೇಕು, ಎಲ್ಲಿ ಜೀಪು ಬಿಟ್ಟು ನಡೆಯಬೇಕು, ಎಲ್ಲವನ್ನೂ ಓಡಿಸಿ ತೋರಿಸಿದೆ. ಮುಚ್ಚಿಡಲು ಏನೂ ಉಳಿಯದಿದ್ದಾಗ ಮನಸ್ಸು ಎಷ್ಟು ಹಗುರಾಯಿತೆಂದರೆ ಆ ಸಾಹೇಬನ ಮೂಗಿನ ದನಿ ಕೂಡ ಇಷ್ಟವಾಯಿತು. ನೆರಳು ಬಿಟ್ಟು ಬಿಸಿಲಿನಲ್ಲಿ ನಾನೇ ಜೀಪು ನಿಲ್ಲಿಸುತ್ತಿದ್ದೆ. ಸ್ಟ್ಯಾಂಡಿನವರು ಕೆಣಕಿದರೆ, "ಆ ಡಬ್ಬಿಗೆ ಸಾಲಿ ಕಲಿಸಿದಾಂವ ನಾನ," ಎನ್ನುತ್ತಿದ್ದೆ. ಕೆಲವು ವರ್ಷಗಳ ಮೇಲೆ ಬಾಯಿಯವರಿಗೆ ವರ್ಗವಾದಾಗ ಆ ಚುಕ್ಕೆ, ಗೆರೆಗಳನ್ನೆಲ್ಲ ಸಿಡಿಗಳಿಗೆ ಹಾಕಿ ಕೇಳಿದವರಿಗೆಲ್ಲ ಹಂಚಿ ಹೋದರು.

ಅವರ ಜಾಗಕ್ಕೆ ಬಂದ ಹೊಸ ಡಾಕ್ಟರು ನಮ್ಮ ಕಡೆಯವರೇ. ಅವರದು ಸಣ್ಣ, ಹಗುರವಾದ ಲ್ಯಾಪ್‌ಟಾಪು; ಒಳಗೆ ಅದೇ ಹಕ್ಕಿ, ಬಾಯಿಯವರು ಬಿಟ್ಟುಹೋದ ಅದೇ ಚುಕ್ಕೆಗಳು. ಒಂದು ಮಳೆಯ ದಿನ ಅಕ್ಕನ ವಸ್ತಿಗೇ ಹೊರಟಿದ್ದೆವು. ಮನಗೂಳಿ ದಾಟಿದ ಮೇಲೆ ಅವರು ಪರದೆಗೆ ಬಗ್ಗಿ ನೋಡಿ ಕೇಳಿದರು:

"ಡ್ರೈವರಣ್ಣಾ, ಮುಂದ ಇದ್ಯಾವ ಊರೋ? ಇಂಥಾ ಹೆಸರ ಕೇಳೇ ಇಲ್ಲಲ್ಲ."

ದಾರಿ ಗೊತ್ತಿದ್ದ ನಾನು ಪರದೆಯ ಮೇಲಿನ ಹೆಸರುಗಳನ್ನು ಎಂದೂ ಓದಿದವನಲ್ಲ; ಈಗ ಜೀಪು ನಿಲ್ಲಿಸಿ ನೋಡಿದೆ. ಬನ್ನಿ ಗಿಡದ ಜಾಗದಲ್ಲಿ, ದಾರಿ ಎರಡಾಗುವಲ್ಲಿ, ಇಂಗ್ಲಿಷ್ ಅಕ್ಷರಗಳು. ಎಸ್ಸೆಸ್ಸೆಲ್ಸಿ ಓದಿದ ಇಂಗ್ಲಿಷಿನಲ್ಲಿ ಒಂದೊಂದಾಗಿ ಕೂಡಿಸಿದೆ. ಹೊ. ಟ್ಟೆ. ನೋ. ವು.

ಬಾಯಿಯವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡದೆ, ನನ್ನ ಸುಳ್ಳನ್ನು ತಿರುವಿನ ಗುರುತಾಗಿ ನೆಟ್ಟು ಹೋಗಿದ್ದರು. ಇಷ್ಟು ವರ್ಷ ಅದರ ಬಲಕ್ಕೆ ತಿರುಗಿದವರೆಲ್ಲ ಒಣಗಾಲಿನಲ್ಲಿ ವಸ್ತಿ ಮುಟ್ಟಿದ್ದರು.

ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಹೊಸ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಮರೆತಿದ್ದೆ ಎನ್ನಲಿಲ್ಲ.

"ಇದನ್ನ ಅಳಿಸಿ ಸುದ್ದ ಹೆಸರ ಹಾಕ್ಲೇನು?" ಎಂದರು ಅವರು, ನಗು ತಡೆದುಕೊಳ್ಳುತ್ತ. "ತಿದ್ದಾಕ ಬರ್ತೈತಿ."

"ಬ್ಯಾಡ್ರಿ. ತಪ್ಪೇನಿಲ್ಲ ಅದರಾಗ, ಖರೇನ ಐತಿ. ಇರ್ಲಿ."

ಬಲಕ್ಕೆ ತಿರುಗಿ ಮರಡಿಯ ಮೇಲೆ ಹೋದೆವು. ಅಂದು ಸೀನಿದ ಕರು ಈಗ ದೊಡ್ಡ ಎಮ್ಮೆಯಾಗಿ ಅಂಗಳದಲ್ಲಿ ನಿಂತಿತ್ತು. ಅಕ್ಕನ ಮುಂದೆ ಕೂತು ಅವಳಿಗೂ ಹೇಳಿಕೊಂಡೆ. ದಾರಿ ಮುಚ್ಚಿಟ್ಟದ್ದು, ಹೊಟ್ಟೆ ಹಿಡಿದು ನರಳಿದ್ದು, ಅವಳ ಎಮ್ಮೆಯ ಜೀವ ನನ್ನ ಹೊಟ್ಟೆಕಿಚ್ಚಿಗೆ ಒತ್ತೆ ಇಟ್ಟದ್ದು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದ್ದೆ.

"ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನೋ?" ಎಂದಳು. "ಅವತ್ತ ಡಾಕ್ಟರಬಾಯಿ ನನ್ನ ಕಿವ್ಯಾಗ ಅಂದಿದ್ಲು, ಹೊಟ್ಟಿ ನೋವಿದ್ದವರು ಬುಟ್ಟಿ ರೊಟ್ಟಿ ಮುಗಸ್ತಾರೇನಕ್ಕ ಅಂತ. ನೀನ ಬಾಯಿ ಬಿಡೂತನಾ ಕೇಳಬ್ಯಾಡ ಅಂದಿದ್ಲು. ಕೇಳಲಿಲ್ಲ."

ಆ ಬಾಯಿಯವರಿಗೆ ಎದುರಿಗೆ ನಿಂತು ಹೇಳುವ ದಿನ ನನಗೆ ಸಿಗಲಿಲ್ಲ. ಅದಕ್ಕೇ ಇದನ್ನು ಬರೆದದ್ದು. ಅಕ್ಕ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಒಳಗೆ ಹೋಗಿ ತಾಟು ಹಾಕಿ, ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದೆ ಸರಿಸಿ, ಹೊಸ ಡಾಕ್ಟರು ಕೇಳುವಷ್ಟು ಜೋರಾಗಿ ಕೇಳಿದಳು:

"ಈಗ ಹೊಟ್ಟಿ ಹೆಂಗೈತಿ?"

"ಹಸದೈತಿ," ಎಂದೆ.